ಗಾಳಿಗೆ ಬೆನ್ನು ಕೊಟ್ಟು

ದಾಂಡೇಲಿಯಲ್ಲಿ ಒಂದು ಕಾರ್ಖಾನೆಯ ಅತಿಥಿಗೃಹವಿತ್ತು. ಅದರ ಮುಂದಿನ ಹುಲ್ಲುಹಾಸು ಇಳಿಜಾರಾಗಿ ಕಾಳಿ ನದಿಯವರೆಗೂ ಹೋಗುತ್ತಿತ್ತು. ಹುಲ್ಲುಹಾಸಿನ ತುದಿಯಲ್ಲಿ ನಾಲ್ಕಾರು ಮೆಟ್ಟಿಲು, ಮೆಟ್ಟಿಲ ಕೆಳಗೆ ಕಾಲೊನಿಯ ಹೆಂಗಸರು ಬಟ್ಟೆ ಒಗೆಯುವ ಕಲ್ಲುಗಳು. ಈ ಹುಲ್ಲಿನಲ್ಲಿ ಕಳೆ ಕೀಳುವುದು ಜುಲಿಯಾನಾಳ ಕೆಲಸ. ಹಳಿಯಾಳದ ಕಡೆಯ ಸಿದ್ದಿ ಜನಾಂಗದವರ ಹಳ್ಳಿಯವಳು. ಗಂಡ ಜೇವಿಯರನಿಗೆ ಕಟ್ಟಿಗೆ ಡಿಪೋದಲ್ಲಿ ಕೆಲಸ ಸಿಕ್ಕಿದ ಮೇಲೆ ಇಬ್ಬರೂ ದಾಂಡೇಲಿಗೆ ಬಂದು ನೆಲೆಸಿದ್ದರು. ಬೆಳಿಗ್ಗೆ ಬಗ್ಗಿದರೆ ಸಂಜೆಗೆ ಎದ್ದು ನಿಲ್ಲುವ ಕೆಲಸ. ಬಗ್ಗಿ ಬಗ್ಗಿ ತನಗೆ ಸಾಹೇಬರ ಮುಖಕ್ಕಿಂತ ಅವರ ಬೂಟುಗಳೇ ಹೆಚ್ಚು ಪರಿಚಯ ಎಂದು ಅವಳು ನಗುತ್ತಿದ್ದಳು.

ಸಾವಿರದ ಒಂಬೈನೂರ ಅರವತ್ತನಾಲ್ಕರ ಮಳೆಗಾಲ ಮುಗಿಯುವ ಹೊತ್ತಿಗೆ ಹುಲ್ಲು ಅಲ್ಲಲ್ಲಿ ಹಳದಿಯಾಗತೊಡಗಿತು. ಹಳದಿಯಾದ ಕಡೆ ಹಿಡಿದು ಎಳೆದರೆ ಕಂಬಳಿ ಸುತ್ತಿದ ಹಾಗೆ ಸಲೀಸಾಗಿ ಎದ್ದು ಬರುತ್ತಿತ್ತು. ಕೆಳಗೆ ಬೆಳ್ಳಗೆ ಕೊಬ್ಬಿದ ಗೊಣ್ಣೆಹುಳಗಳು ಬೇರನ್ನೆಲ್ಲ ತಿಂದು ಮುದುರಿ ಮಲಗಿರುತ್ತಿದ್ದವು. ಆ ಹುಳದ ಆಸೆಗೆ ಕಾಡುಹಂದಿಗಳು ಬಂದು ಉತ್ತ ಹೊಲದಂತೆ ನೆಲವನ್ನು ಕೆದರಿ ಹೋದವು. ತೋಟಗಳ ಮೇಲ್ವಿಚಾರಕ ಬಸಲಿಂಗಯ್ಯ, ಧಾರವಾಡದ ಕೃಷಿ ಕಾಲೇಜಿನಲ್ಲಿ ಓದಿ ಬಂದವನು, ಕಾರ್ಖಾನೆಯ ದೊಡ್ಡ ಸಾಹೇಬರಿಗೆ ಹೇಳಿ ಒಂದು ಯಂತ್ರ ತರಿಸಿದ.

ಯಂತ್ರ ಲಾರಿಯಲ್ಲಿ ಬಂದಾಗ ಎಲ್ಲರೂ ಕೆಲಸ ಬಿಟ್ಟು ನೋಡಲು ಹೋದರು. ಮೂರು ಗಾಲಿಯ ಕೈಗಾಡಿ, ಅದರ ಮೇಲೊಂದು ಪೆಟ್ರೋಲ್ ಎಂಜಿನ್. ಹಗ್ಗ ಎಳೆದರೆ ಎಂಜಿನ್ ಶುರುವಾಗುತ್ತಿತ್ತು. ಸನ್ನೆಕೋಲು ಒತ್ತಿದರೆ ಗಾಡಿ ತಾನೇ ಮುಂದೆ ನಡೆಯುತ್ತಿತ್ತು, ಹಿಂದಿನಿಂದ ಹಿಡಿಕೆ ಹಿಡಿದು ದಾರಿ ತೋರಿಸಿದರೆ ಸಾಕು. ಗೊಬ್ಬರ ಹಾಕಬೇಕಾದರೆ ಮೇಲೊಂದು ಬುಟ್ಟಿ ಕೂರಿಸಬೇಕು; ಕೆಳಗಿನ ತಟ್ಟೆ ತಿರುಗಿ ಕಾಳು ಗೊಬ್ಬರವನ್ನು ಎರಡೂ ಕಡೆ ಚೆಲ್ಲುತ್ತಿತ್ತು. ಔಷಧಿ ಹೊಡೆಯಬೇಕಾದರೆ ಬುಟ್ಟಿ ತೆಗೆದು ಪೀಪಾಯಿ ಕಟ್ಟಬೇಕು. ಹಿಂದಿನ ಅಡ್ಡಕೊಳವೆಯ ಸಣ್ಣ ಮೂತಿಗಳಿಂದ ಮಂಜಿನ ಹಾಗೆ ಔಷಧಿ ಹಾರುತ್ತಿತ್ತು. ಹುಬ್ಬಳ್ಳಿಯಿಂದ ಬಂದಿದ್ದ ಮೆಕ್ಯಾನಿಕ್ ಹಿಂದಿಯಲ್ಲಿ ಒಂದೊಂದೇ ತೋರಿಸಿದ, ಬಸಲಿಂಗಯ್ಯ ಕನ್ನಡದಲ್ಲಿ ಹೇಳಿದ.

ಯಂತ್ರ ನಡೆಸುವ ಕೆಲಸ ಮಾಲಿಗಳ ಮೇಸ್ತ್ರಿ ಶೇಖಪ್ಪನಿಗೆ ಬಂತು. ಹಳಿಯಾಳ ತಾಲ್ಲೂಕಿನ ತೇರಗಾಂವದ ಒಕ್ಕಲಿನವನು. ಅಣ್ಣಂದಿರು ಹೊಲ ನೋಡಿಕೊಂಡಿದ್ದರು, ಇವನು ಗಿಡಗಳ ಹುಚ್ಚಿನಿಂದ ಇಲ್ಲಿ ಸೇರಿದ್ದ. ಎಂಥ ಹೋರಿಯನ್ನಾದರೂ ಪಳಗಿಸುತ್ತಿದ್ದ ಕೈ. ಎಂಜಿನ್ನಿನ ಮಾತು ಬಂದಾಗ ಕಿವಿ ನಿಮಿರಿಸಿ ಕೇಳಿದ. ಔಷಧಿಯ ಮಾತು ಬಂದಾಗ, ಗಾಳಿಗೆ ಎದುರಾಗಿ ಹೊಡೆಯಬಾರದು, ಕೈಗವಸು ಹಾಕಬೇಕು, ಮೂಗು ಬಾಯಿ ಕಟ್ಟಿಕೊಳ್ಳಬೇಕು, ಕೊಳವೆಯ ಮೂತಿ ಕಟ್ಟಿಕೊಂಡರೆ ಬಾಯಿಂದ ಊದಬಾರದು ಎಂದೆಲ್ಲ ಹೇಳುವಾಗ, ಅವನ ಕಣ್ಣು ಆಗಲೇ ಹುಲ್ಲಿನ ಮೇಲೆ ಓಡಾಡುತ್ತಿತ್ತು.

ಔಷಧಿ ಹೊಡೆಯುವ ದಿನ ಬೆಳಿಗ್ಗೆ ಗಾಳಿ ಇರಲಿಲ್ಲ. ಬಸಲಿಂಗಯ್ಯನೇ ನಿಂತು ಅಳತೆ ಮಾಡಿ ಔಷಧಿ ಬೆರೆಸಿಕೊಟ್ಟ. ಅರ್ಧ ಹುಲ್ಲುಹಾಸು ಮುಗಿಯುವವರೆಗೂ ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಅವನಿಗೆ ಆಫೀಸಿನಿಂದ ಕರೆ ಬಂತು. ಬಿಸಿಲು ಏರಿತು. ಶೇಖಪ್ಪ ಮುಖಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಕೈಗವಸು ಆಗಲೇ ಕಟ್ಟೆಯ ಮೇಲೆ ಬಿದ್ದಿತ್ತು.

ಜುಲಿಯಾನಾ ಮತ್ತು ಅವಳ ಜೊತೆಗಾತಿ ಕಾಶೆವ್ವ ಮೇಲಿನ ಅಂಚಿನಲ್ಲಿ ಕಳೆ ಕೀಳುತ್ತಿದ್ದರು. ಹೊಳೆಯ ಕಡೆಯಿಂದ ಬಿರುಸಾಗಿ ಗಾಳಿ ಎದ್ದದ್ದು ಜುಲಿಯಾನಾಳ ಗಮನಕ್ಕೆ ಬಂತು. ಕೊಳವೆಯಿಂದ ಹೊರಟ ಮಂಜು ನೆಲಕ್ಕೆ ಬೀಳದೆ ಶೇಖಪ್ಪನ ಮೈಮೇಲೆಯೇ ಹೊರಳುತ್ತಿತ್ತು. ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ಗಾಳಿ ತಿರುಗಿದೆ ಎಂದು ಅವಳು ಕೂಗಿ ಹೇಳಿದಳು. ಅವನು ಕೈ ಬೀಸಿದ.

"ಇನ್ನೊಂದ ಸುತ್ತ ಐತಿ. ಅದೊಂದ ಮುಗಿಸಿಬಿಡ್ತೇನಿ."

ಆ ಸುತ್ತಿನಲ್ಲೇ ಒಂದು ಮೂತಿ ಕಟ್ಟಿತು. ಅವನು ಯಂತ್ರ ನಿಲ್ಲಿಸಿ ಮೂತಿ ಬಿಚ್ಚಿ, ಬಾಯಿಗಿಟ್ಟು ಜೋರಾಗಿ ಊದಿ, ಉಗುಳಿ, ಮತ್ತೆ ಸಿಕ್ಕಿಸಿದ. ಮುಂದೆ ಹೊರಟವನು ಸ್ವಲ್ಪ ಹೊತ್ತಿಗೆ ಹಣೆ ಒರೆಸಿಕೊಂಡ. ನಡಿಗೆ ತಪ್ಪಿತು. ಹಿಡಿಕೆ ಬಿಟ್ಟು ಮೊಣಕಾಲೂರಿ, ಹಾಗೇ ಪಕ್ಕಕ್ಕೆ ಒರಗಿದ.

ಯಂತ್ರ ನಿಲ್ಲಲಿಲ್ಲ. ಔಷಧಿ ಚಿಮ್ಮಿಸುತ್ತ ಇಳಿಜಾರಿನಲ್ಲಿ ಮೆಟ್ಟಿಲುಗಳ ಕಡೆಗೆ ನಡೆಯಿತು. ಕೆಳಗೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು.

ಜುಲಿಯಾನಾ ಓಡಿದಳು. ನೇರ ಹೋದರೆ ಮಂಜಿನೊಳಗೆ ನುಗ್ಗಬೇಕಾಗಿತ್ತು. ಸುತ್ತು ಹಾಕಿ ಗಾಳಿ ಬರುವ ಕಡೆಯಿಂದ ಯಂತ್ರದ ಹತ್ತಿರ ಹೋದಳು. ಮೆಕ್ಯಾನಿಕ್ ಕೆಂಪು ಗುಂಡಿ ಒತ್ತಿದಾಗ ಎಂಜಿನ್ ಸುಮ್ಮನಾದದ್ದನ್ನು ಅವಳು ನೋಡಿದ್ದಳು. ಸೆರಗು ಸೊಂಟಕ್ಕೆ ಬಿಗಿದು, ಕೈ ಚಾಚಿ, ಗುಂಡಿ ಒತ್ತಿದಳು. ಯಂತ್ರ ಒಮ್ಮೆ ನಡುಗಿ ನಿಂತಿತು. ಮೆಟ್ಟಿಲಿನಿಂದ ಅದು ಒಂದೆರಡು ಮಾರು ದೂರವಿತ್ತು, ಅಷ್ಟೆ.

ತಿರುಗಿ ಬಂದು ನೋಡಿದರೆ ಶೇಖಪ್ಪನ ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು, ಮೈಯೆಲ್ಲ ಬೆವರು, ಕೈಕಾಲು ಅದುರುತ್ತಿದ್ದವು. ಬಸಲಿಂಗಯ್ಯನನ್ನೂ ಜೀಪನ್ನೂ ಕರೆತರಲು ಕಾಶೆವ್ವನನ್ನು ಓಡಿಸಿದಳು. ಕೈಗೆ ಗೋಣಿಚೀಲ ಸುತ್ತಿಕೊಂಡು ಅವನ ಒದ್ದೆ ಅಂಗಿ ಬಿಚ್ಚಿ ಎಸೆದಳು. ಹೂವಿನ ಪಾತಿಯ ನೀರಿನ ಪೈಪು ಎಳೆದು ತಂದು ಅವನ ಮುಖ, ಎದೆ, ಕೈಗಳ ಮೇಲೆ ನೀರು ಬಿಟ್ಟಳು. ಜೀಪು ಬಂದಾಗ ಔಷಧಿಯ ಡಬ್ಬಿಯನ್ನೂ ಗೋಣಿಯಲ್ಲಿ ಸುತ್ತಿ ಬಸಲಿಂಗಯ್ಯನ ಕೈಗೆ ಕೊಟ್ಟಳು. ಆಸ್ಪತ್ರೆಯ ಡಾಕ್ಟರು ಡಬ್ಬಿಯ ಮೇಲಿನ ಹೆಸರು ಓದಿ ಅದಕ್ಕೆ ತಕ್ಕ ಇಂಜೆಕ್ಷನ್ ಕೊಟ್ಟರು. ಸಂಜೆಯ ಹೊತ್ತಿಗೆ ಶೇಖಪ್ಪ ಕಣ್ಣು ಬಿಟ್ಟ.

ಬಸಲಿಂಗಯ್ಯ ದೊಡ್ಡ ಸಾಹೇಬರ ಮುಂದೆ ತಪ್ಪನ್ನು ತನ್ನ ಮೇಲೆಯೇ ಹಾಕಿಕೊಂಡ. ಯಂತ್ರ ನಡೆಯುತ್ತಿರುವಾಗ ತಾನು ಬಿಟ್ಟು ಹೋಗಬಾರದಾಗಿತ್ತು ಎಂದ. ಸಾಹೇಬರು ಬೈಯಲಿಲ್ಲ, ಆದರೆ ಯಂತ್ರವನ್ನು ಶೆಡ್ಡಿಗೆ ಹಾಕಿ ಬೀಗ ಜಡಿಸಿದರು. ಮಾಲಿಗಳು ಆ ಶೆಡ್ಡಿನ ಹತ್ತಿರ ಹೋಗುವುದನ್ನೇ ಬಿಟ್ಟರು.

ಶೇಖಪ್ಪ ಮನೆಗೆ ಬಂದ ಮೇಲೆ ಜುಲಿಯಾನಾ ನೋಡಲು ಹೋದಳು. ತೇರಗಾಂವದಿಂದ ಅವನ ಹೆಂಡತಿ ಮಹಾದೇವಕ್ಕ ಬಂದಿದ್ದಳು. ಅವಳು ಜುಲಿಯಾನಾಳನ್ನು ಕೈಹಿಡಿದು ಒಳಗೆ ಕರೆದು, ಚಾಪೆ ಹಾಸಿ, ರೊಟ್ಟಿ ಬಡಿಸಿದಳು. ಗಂಡನಿಗೆ ಜೀವ ಬಂದರೂ ಮೊದಲಿನ ಹಾಗೆ ಮಾತಿಲ್ಲ ಎಂದು ಮೆಲ್ಲಗೆ ಹೇಳಿಕೊಂಡಳು. ಚಹಾದ ಬಟ್ಟಲು ಹಿಡಿದರೆ ಕೈ ನಡುಗುತ್ತದಂತೆ. ಆ ನಡುಕ ಯಾರಿಗೂ ಕಾಣಬಾರದೆಂದು ಗೋಡೆಯ ಕಡೆ ಮುಖ ಮಾಡಿ ಕೂರುತ್ತಾನಂತೆ. ಕೆಲಸ ಬಿಟ್ಟು ಊರಿಗೆ ಹೋಗೋಣ ಎನ್ನುತ್ತಾನಂತೆ.

ಜುಲಿಯಾನಾ ಊಟ ಮುಗಿಸಿ ಶೇಖಪ್ಪನ ಎದುರು ಕೂತಳು. ಅವಳಿಗೆ ಸುತ್ತಿ ಬಳಸಿ ಮಾತಾಡಲು ಬರುತ್ತಿರಲಿಲ್ಲ.

"ಮೇಸ್ತ್ರಿ, ನನಗ ಆ ಮಶೀನ್ ನಡಸೂದ ಕಲಸ್ರಿ."

ಅವಳಿಗೇನು ತಲೆ ಕೆಟ್ಟಿದೆಯೇ ಎಂದು ಅವನು ಕೇಳಿದ. ತನ್ನ ಗತಿ ಕಣ್ಣಾರೆ ಕಂಡವಳು, ನಾಳೆ ಅವಳಿಗೂ ಹಾಗಾದರೆ ಜೇವಿಯರನಿಗೆ ತಾನು ಏನು ಹೇಳಲಿ ಎಂದ.

"ಅವತ್ತ ನಾ ಗುಂಡಿ ಒತ್ತಿದ್ನಿ, ಅದು ನಿಂತ್ತು," ಎಂದಳು ಜುಲಿಯಾನಾ. "ನನ್ನ ಕೈ ಮಾತ ಕೇಳ್ತು. ಇಷ್ಟ ವರ್ಸ ಬಗ್ಗಿ ಕೆಲಸ ಮಾಡೇನಿ. ನಿಂತು ಮಾಡೂ ಕೆಲಸ ಒಂದ ಐತಿ ಅಂದ್ರ ನಾ ಯಾಕ ಬಿಡ್ಲಿ? ಔಷಧಿ ವಿಚಾರ ಬಸಲಿಂಗಯ್ಯ ಸಾಹೇಬ್ರು ಹೇಳಿಕೊಡ್ತಾರ. ಮಶೀನ್ ವಿಚಾರ ಗೊತ್ತಿದ್ದವ್ರು ನೀವೊಬ್ರ."

ಅವಳು ಹೊರಟಾಗ ಶೇಖಪ್ಪ ಗೋಡೆಯ ಕಡೆ ತಿರುಗದೆ ಬಾಗಿಲ ಕಡೆ ನೋಡುತ್ತ ಕೂತಿದ್ದ ಎಂದು ಮಹಾದೇವಕ್ಕ ಮರುದಿನ ಬಂದು ತಿಳಿಸಿದಳು.

ಬಸಲಿಂಗಯ್ಯನನ್ನು ಒಪ್ಪಿಸುವುದು ಅಷ್ಟು ಕಷ್ಟವಾಗಲಿಲ್ಲ. ಆ ದಿನ ಗಾಳಿಯ ದಿಕ್ಕು ನೋಡಿ ಸುತ್ತು ಹಾಕಿ ಓಡಿದವಳು ಅವಳೊಬ್ಬಳೇ ಎಂದು ಕಾಶೆವ್ವ ಅವನಿಗೆ ಹೇಳಿದ್ದಳು. ಅವನೇ ಹೋಗಿ ದೊಡ್ಡ ಸಾಹೇಬರ ಹತ್ತಿರ ಮಾತಾಡಿದ. ತಾನು ಪಕ್ಕದಲ್ಲಿಲ್ಲದೆ ಯಂತ್ರ ಹೊರಡುವುದಿಲ್ಲ, ಕೈ ಪಳಗುವವರೆಗೆ ಪೀಪಾಯಿಗೆ ಬರಿ ನೀರು ಎಂದು ಮಾತು ಕೊಟ್ಟು ಬೀಗದ ಕೈ ತಂದ. ಕಷ್ಟವಾದದ್ದು ಜೇವಿಯರನ ವಿಷಯದಲ್ಲಿ. ಅವನು ಜಗಳ ಮಾಡಲಿಲ್ಲ; ಎರಡು ಹೊತ್ತು ಊಟ ಬಿಟ್ಟ. ಡಿಪೋದಲ್ಲಿ ಮರದ ದಿಮ್ಮಿ ಉರುಳಿ ಸತ್ತವರನ್ನು ಅವನು ಕಂಡಿದ್ದ. ಮನೆಯಲ್ಲಿ ಅಪಾಯದ ಕೆಲಸಕ್ಕೆ ಒಬ್ಬ ಹೋಗುವುದೇ ಸಾಕು ಎಂಬುದು ಅವನ ಮಾತು. ಬರಿ ನೀರಿನಲ್ಲಿ ನಡೆಸುವುದನ್ನು ಒಮ್ಮೆ ಬಂದು ನೋಡು, ಆಮೇಲೆ ಬೇಡ ಎಂದರೆ ಬಿಡುತ್ತೇನೆ ಎಂದಳು.

ಕಲಿಕೆ ಶುರುವಾಯಿತು. ಮೇಲಿನ ಅಂಚಿನ ಕಲ್ಲುಬೆಂಚಿನ ಮೇಲೆ ಶಾಲು ಹೊದ್ದು ಶೇಖಪ್ಪ ಕೂರುತ್ತಿದ್ದ. ಇನ್ನು ಕೆಲವು ತಿಂಗಳು ಔಷಧಿಯ ಹತ್ತಿರ ಸುಳಿಯಬಾರದೆಂದು ಡಾಕ್ಟರ ಆಜ್ಞೆಯಾಗಿತ್ತು, ಹಾಗಾಗಿ ಅವನಿಗೆ ಉಳಿದದ್ದು ಬಾಯಿ ಮಾತ್ರ. ಮೊದಮೊದಲು ಆ ಬಾಯಿಯೂ ಬಿಗಿಯಾಗಿತ್ತು. ಆದರೆ ಜುಲಿಯಾನಾ ಇಳಿಜಾರಿನಲ್ಲಿ ತಿರುವು ತಪ್ಪಿ ಯಂತ್ರವನ್ನು ಇನ್ನೇನು ಬೀಳಿಸುತ್ತಾಳೆ ಎನ್ನುವಾಗ ಅವನಿಗೆ ತಡೆಯಲಾಗಲಿಲ್ಲ. ಪೀಪಾಯಿ ತುಂಬ ನೀರು ತುಂಬಿದರೆ ಇಳಿಜಾರಿನಲ್ಲಿ ಭಾರ ಒಂದೇ ಕಡೆ ವಾಲುತ್ತದೆ, ಅರ್ಧ ಸಾಕು ಎಂದ. ತಿರುಗುವ ಮೊದಲು ಕೊಳವೆಗೆ ನೀರು ಬಿಡುವ ಚಾವಿ ಮುಚ್ಚು, ತಿರುಗಿ ನೇರವಾದ ಮೇಲೆ ತೆಗೆ, ಇಲ್ಲದಿದ್ದರೆ ಒಂದೇ ಜಾಗದಲ್ಲಿ ಸುರಿದು ಹುಲ್ಲು ಸುಡುತ್ತದೆ ಎಂದ. ಎಂಜಿನ್ ಕಾದಿರುವಾಗ ಪೆಟ್ರೋಲ್ ಡಬ್ಬಿಯನ್ನು ಹತ್ತಿರ ತರಲೂ ಬಿಡುತ್ತಿರಲಿಲ್ಲ. ದಿನ ಕಳೆದಂತೆ ಬೆಂಚಿನಿಂದ ಎದ್ದು ಅವಳ ಪಕ್ಕದಲ್ಲೇ ನಡೆಯತೊಡಗಿದ. ಒಂದು ಬೆಳಿಗ್ಗೆ ಎಂಜಿನ್ನಿನ ಸದ್ದು ಕೇಳಿ ಎಲ್ಲೋ ತಿರುಪು ಸಡಿಲಾಗಿದೆ ಎಂದು ತಾನೇ ಬಗ್ಗಿ ಬಿಗಿದ. ನಡುಗುವ ಕೈಯಿಂದ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

ಸೀರೆಯದೊಂದು ತೊಂದರೆ ಇತ್ತು. ಎಂಜಿನ್ನಿನ ಪಟ್ಟೆ ಓಡುವ ಜಾಗ ಹಿಡಿಕೆಗೆ ತೀರ ಹತ್ತಿರ. ಸೆರಗಿನ ತುದಿ ಸಿಕ್ಕಿದರೆ ಆಳನ್ನೇ ಎಳೆದುಕೊಳ್ಳುತ್ತದೆ ಎಂದು ಬಸಲಿಂಗಯ್ಯ ಚಿಂತೆ ಮಾಡಿದ. ಆ ದಿನ ಜೇವಿಯರ್ ನೋಡಲು ಬಂದಿದ್ದ. ದೂರದಲ್ಲಿ ನಿಂತು, ಹೆಂಡತಿ ಯಂತ್ರವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಒಯ್ದು ತರುವುದನ್ನು ನೋಡಿದ. ಸಂಜೆ ಮನೆಯಲ್ಲಿ ಟ್ರಂಕಿನಿಂದ ತನ್ನ ಖಾಕಿ ಪ್ಯಾಂಟು, ಉದ್ದ ತೋಳಿನ ಅಂಗಿ ತೆಗೆದು ಅವಳ ಮುಂದಿಟ್ಟ. ಕಾಲು ಉದ್ದವಾದೀತು, ಮಡಚಿ ಹೊಲಿದುಕೋ ಎಂದ. ಮರುದಿನ ಪ್ಯಾಂಟು ತೊಟ್ಟು ಬಂದ ಜುಲಿಯಾನಾಳನ್ನು ಕಂಡು ಕಾಶೆವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಅವಳೇ ಸೂಜಿ ದಾರ ತಂದು ಕಾಲಿನ ಅಂಚು ಹೊಲಿದುಕೊಟ್ಟಳು.

ನಿಜವಾದ ಔಷಧಿ ಹೊಡೆಯುವ ದಿನ ಬಂತು. ಸುದ್ದಿ ಕಾಲೊನಿಯಲ್ಲೆಲ್ಲ ಹರಡಿ, ಬೇಲಿಯ ಆಚೆ ಬಹಳ ಜನ ಸೇರಿದ್ದರು. ಹೆಂಗಸಿನ ಕೈಲಿ ಇದೆಲ್ಲ ಆಗುತ್ತದೆಯೇ ಎಂದು ಕೆಲವರು, ಅದರಲ್ಲೂ ಸಿದ್ದಿ ಹೆಂಗಸು ಎಂದು ಇನ್ನು ಕೆಲವರು. ಅವಳ ಕಿವಿಗೆ ಬೀಳುವಂತೆಯೇ ಆಡಿಕೊಂಡರು. ಬಸಲಿಂಗಯ್ಯ ಅವರನ್ನೆಲ್ಲ ದೂರ ಸರಿಸಿ, ನಾಲ್ಕೂ ಕಡೆ ಹಗ್ಗ ಕಟ್ಟಿಸಿದ. ಇವತ್ತು ಹೊಳೆಯ ಕಲ್ಲಿನ ಹತ್ತಿರ ಯಾರೂ ಬರಬಾರದೆಂದು ಹಿಂದಿನ ದಿನವೇ ಹೇಳಿ ಕಳಿಸಿದ್ದ. ನದಿಯ ಅಂಚಿನ ಅಗಲವಾದ ಪಟ್ಟಿಯನ್ನು ಔಷಧಿ ಹೊಡೆಯದೆ ಹಾಗೇ ಬಿಡಬೇಕು, ಅಲ್ಲಿಯ ಹುಳ ಕೈಯಿಂದ ಆರಿಸೋಣ ಎಂದು ತೀರ್ಮಾನವಾಗಿತ್ತು. ಜುಲಿಯಾನಾ ಕೈಗವಸು ಹಾಕಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ, ಒಂದು ಹಿಡಿ ಒಣಹುಲ್ಲು ಮೇಲೆಸೆದು ಗಾಳಿ ನೋಡಿದಳು. ಹುಲ್ಲು ಕಾಲ ಬಳಿಯೇ ಬಿತ್ತು.

ಮೊದಲ ಅರ್ಧ ಒಂದು ತಪ್ಪಿಲ್ಲದೆ ಮುಗಿಯಿತು. ಒಮ್ಮೆ ಮೂತಿ ಕಟ್ಟಿದಾಗ ಎಂಜಿನ್ ನಿಲ್ಲಿಸಿ, ಬಿಚ್ಚಿ, ಬಕೆಟ್ಟಿನ ನೀರಲ್ಲಿ ತೊಳೆದು, ಕುಂಚದ ಕೂದಲಿನಿಂದ ತೆರವು ಮಾಡಿ ಹಾಕಿದಳು. ಬೇಲಿಯ ಆಚೆಯ ಮಾತು ಕಡಿಮೆಯಾಗುತ್ತ ಬಂತು. ಅದು ಅವಳ ಗಮನಕ್ಕೂ ಬಂತು, ಅವಳ ಹೆಜ್ಜೆಗೆ ಹುರುಪು ಬಂತು. ಇನ್ನು ಸ್ವಲ್ಪ ಮುಗಿಸಿದರೆ ಎಲ್ಲರ ಬಾಯಿ ಪೂರ್ತಿ ಮುಚ್ಚುತ್ತದೆ ಎನಿಸಿತು. ಅದೇ ಹೊತ್ತಿಗೆ ಹೊಳೆಯ ಕಡೆಯಿಂದ ಗಾಳಿ ಎದ್ದಿತು. ಮೊದಲು ಸಣ್ಣಗೆ, ಆಮೇಲೆ ಮರದ ಎಲೆ ಮಗುಚುವಷ್ಟು. ಬಸಲಿಂಗಯ್ಯ ಆ ತುದಿಯಲ್ಲಿ ಹಗ್ಗ ದಾಟಲು ಬಂದವರನ್ನು ತಡೆಯುತ್ತ ನಿಂತಿದ್ದ. ಜುಲಿಯಾನಾ ಗಾಳಿಯನ್ನು ಗಮನಿಸಿದಳು. ಗಮನಿಸಿಯೂ ಯಂತ್ರ ತಿರುಗಿಸಿ ಹೊಸ ಸಾಲು ಹಿಡಿದಳು.

ಬೆಂಚಿನಿಂದ ಶೇಖಪ್ಪ ಎದ್ದ. ಹಗ್ಗದವರೆಗೆ ಬಂದು ಕೈ ಎತ್ತಿ ನಿಂತ. ಅವಳು ಸಮೀಪ ಬರುವವರೆಗೆ ಕೈ ಇಳಿಸಲಿಲ್ಲ. ಅವನು ಕೂಗಲಿಲ್ಲ, ಎಂಜಿನ್ನಿನ ಸದ್ದಿನ ಮೇಲೆ ಕೇಳುವಷ್ಟು ಮಾತ್ರ ಗಟ್ಟಿಯಾಗಿ ಹೇಳಿದ.

"ಜುಲಿಯಾನಾ, ಸಾಕು. ನಾನೂ ಅವತ್ತ ಇನ್ನೊಂದ ಸುತ್ತ ಅಂತ ಹೋಗಿದ್ನಿ."

ಅವಳ ಕಣ್ಣು ಒಮ್ಮೆ ಬೇಲಿಯ ಕಡೆ ಹೋಯಿತು. ಆಮೇಲೆ ಚಾವಿ ಮುಚ್ಚಿ ಗುಂಡಿ ಒತ್ತಿದಳು. ಎಂಜಿನ್ ನಿಂತಿತು. ಬೇಲಿಯ ಆಚೆಯಿಂದ ಯಾರೋ, ಅರ್ಧಕ್ಕೇ ಸುಸ್ತಾದಳು ನೋಡಿ, ಎಂದರು. ಮುಖಕ್ಕೆ ಕಟ್ಟಿದ ಬಟ್ಟೆಯೊಳಗೆ ಅವಳಿಗೆ ಉಸಿರು ಬಿಸಿಯಾಯಿತು. ಶೇಖಪ್ಪ ಆ ದನಿಯ ಕಡೆ ತಿರುಗಿದ. ಎಲ್ಲರಿಗೂ ಕಾಣುವಂತೆ ತನ್ನ ಎರಡೂ ಕೈ ಮುಂದೆ ಚಾಚಿದ. ಬೆರಳುಗಳು ಇನ್ನೂ ನಡುಗುತ್ತಿದ್ದವು.

"ನಿಲ್ಲಸ್ಲಿಲ್ಲಂದ್ರ ಏನಾಗ್ತೈತಿ ಅನ್ನೂದು ಇಲ್ಲಿ ಐತಿ, ಬಂದು ನೋಡ್ರಿ," ಎಂದ.

ಯಾರೂ ಬರಲಿಲ್ಲ. ಜನ ಒಬ್ಬೊಬ್ಬರಾಗಿ ಚದುರಿದರು. ಇಷ್ಟು ದಿನ ಮುಚ್ಚಿಡುತ್ತಿದ್ದ ಕೈಗಳನ್ನು ಅವನು ಹಾಗೆ ತೋರಿಸಿದ್ದನ್ನು ಜುಲಿಯಾನಾ ಎಷ್ಟೋ ಹೊತ್ತು ಯೋಚಿಸುತ್ತಿದ್ದಳು. ಕೈಗವಸು ತೊಳೆದು, ಸೋಪು ಹಚ್ಚಿ ಮೈಕೈ ತೊಳೆದು, ಖಾಕಿ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕಿ, ಆಮೇಲೆಯೇ ಅವಳು ನೀರು ಕುಡಿದಳು.

ಉಳಿದ ಅರ್ಧವನ್ನು ಮರುದಿನ ನಸುಕಿನಲ್ಲಿ, ಎಲೆ ಅಲ್ಲಾಡದ ಹೊತ್ತಿನಲ್ಲಿ ಮುಗಿಸಿದಳು. ನೋಡಲು ಜೇವಿಯರ್ ಬಿಟ್ಟರೆ ಯಾರೂ ಬಂದಿರಲಿಲ್ಲ.

ಹುಲ್ಲು ಚಿಗುರಿತು. ಹಂದಿಗಳು ಬರುವುದು ಕಡಿಮೆಯಾಯಿತು. ಮುಂದಿನ ಮಳೆಗಾಲದ ಹೊತ್ತಿಗೆ ಶೇಖಪ್ಪನ ಕೈಯ ನಡುಕ ಬಹುಪಾಲು ಹೋಗಿತ್ತು. ಗೊಬ್ಬರ ಹಾಕುವ ಕೆಲಸ ಅವನದು, ಔಷಧಿ ಹೊಡೆಯುವ ಕೆಲಸ ಜುಲಿಯಾನಾಳದು ಎಂದಾಯಿತು. ಅವನು ಗೊಬ್ಬರ ಚೆಲ್ಲಿ ಹೋದ ಮೇಲೆ ಕಾಲುದಾರಿಗೆ ಬಿದ್ದ ಕಾಳುಗಳನ್ನು ಅವಳು ಗುಡಿಸಿ ಹುಲ್ಲಿಗೆ ಹಾಕುತ್ತಿದ್ದಳು, ಮಳೆ ಬಂದರೆ ಎಲ್ಲ ಹೊಳೆಗೆ ಹೋಗುತ್ತದೆ ಎಂದು. ಅವನು ರೇಗಿಸಿದರೂ ಕೇಳುತ್ತಿರಲಿಲ್ಲ.

ಆ ವರ್ಷ ತೇರಗಾಂವದ ರೈತರು ಕೈಪಂಪು ತಂದು ಭತ್ತಕ್ಕೆ ಔಷಧಿ ಹೊಡೆಯತೊಡಗಿದ್ದರು. ಇಬ್ಬರು ತಲೆ ಸುತ್ತಿ ಬಿದ್ದ ಸುದ್ದಿ ಮಹಾದೇವಕ್ಕನ ಮೂಲಕ ಬಂತು. ಊರಿಗೆ ಬಂದು ಔಷಧಿ ಹೊಡೆಯುವ ರೀತಿ ತೋರಿಸಿಕೊಡುತ್ತೀಯಾ ಎಂದು ಶೇಖಪ್ಪ ಜುಲಿಯಾನಾಳನ್ನು ಕೇಳಿದ, ಅವಳು ಜೇವಿಯರನನ್ನು ಕೇಳಿದಳು. ಒಂದು ಭಾನುವಾರ ಚರ್ಚಿನಿಂದ ಬಂದವಳೇ ಖಾಕಿ ಬಟ್ಟೆಯ ಗಂಟು ಹಿಡಿದು ಬಸ್ಸು ಹತ್ತಿದಳು. ತೇರಗಾಂವದ ಮಠದ ಕಟ್ಟೆಯ ಮುಂದೆ ರೈತರು ಸೇರಿದ್ದರು. ಪಂಪು ಎದುರಿಗಿತ್ತು. ಅವಳು ಪಂಪು ಮುಟ್ಟುವ ಮೊದಲು ಒಂದು ಕೊಡ ನೀರು, ಸೋಪು ತರಲು ಹೇಳಿದಳು. ಶೇಖಪ್ಪನ ದೂರದ ಅತ್ತೆ ಮುದಕವ್ವ ಎಂಬ ಮುದುಕಿ ತಾನೇ ಕೊಡ ಹೊತ್ತು ತಂದಳು.

ಹೇಗೆ ಬೆರೆಸಬೇಕು, ಯಾವ ಹೊತ್ತಿಗೆ ಹೊಡೆಯಬೇಕು, ಯಾವ ಕಡೆ ಮುಖ ಮಾಡಬೇಕು ಎಂದು ಜುಲಿಯಾನಾ ನಿಧಾನವಾಗಿ ತೋರಿಸಿದಳು. ಶೇಖಪ್ಪ ತನಗಾದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದ. ಗಂಡಸರು ಎಂಜಿನ್ನಿನ ಯಂತ್ರ ಎಷ್ಟು ಜೋರು ಓಡುತ್ತದೆ ಎಂದೆಲ್ಲ ಕೇಳಿದರು. ಎಲ್ಲ ಮುಗಿದ ಮೇಲೆ ಮುದಕವ್ವ ಹತ್ತಿರ ಬಂದು, ಖಾಲಿಯಾದ ಔಷಧಿ ಡಬ್ಬಿ ಚೆನ್ನಾಗಿದೆ, ತೊಳೆದು ಅದರಲ್ಲಿ ಎಳ್ಳು ಹಾಕಿಟ್ಟಿದ್ದೇನೆ, ಅದರಿಂದ ಏನಾದರೂ ತೊಂದರೆಯೇ ಎಂದು ಕೇಳಿದಳು.

ಜುಲಿಯಾನಾ ಎದ್ದು ನಿಂತಳು. "ಆ ಡಬ್ಬಿ ಎಲ್ಲೈತಿ, ತೋರಸ್ರಿ ಅಜ್ಜಿ. ಆ ಎಳ್ಳ ಇನ್ನ ಯಾರೂ ತಿನ್ನಬ್ಯಾಡ್ರಿ."

ಮುದುಕಿ ಮುಂದೆ ಮುಂದೆ ನಡೆದಳು. ಕೇರಿಯ ಇತರ ಹೆಂಗಸರೂ ತಮ್ಮ ತಮ್ಮ ಮನೆಯೊಳಗೆ ಹೋಗಿ ಡಬ್ಬಿಗಳನ್ನು ಹುಡುಕಿ ತಂದು ಅಂಗಳದಲ್ಲಿ ಇಡತೊಡಗಿದರು. ಒಂದರಲ್ಲಿ ಸೀಮೆಎಣ್ಣೆ ಇತ್ತು, ಒಂದರಲ್ಲಿ ಉಪ್ಪು. ಶೇಖಪ್ಪ ಯಾರದೋ ಮನೆಯಿಂದ ಹಾರೆ ತಂದು, ಮತ್ತೆ ಯಾರೂ ಏನೂ ತುಂಬಿಡದಂತೆ ಡಬ್ಬಿಗಳಿಗೆ ಒಂದೊಂದಾಗಿ ತೂತು ಹೊಡೆಯಲು ಕೂತ.